ಅಂಗಡಿ ಕೆಲಸದವರ ಮೇಲೆ ಕಳ್ಳತನದ ಅನುಮಾನವೇ? ಮೊದಲು ಲೆಕ್ಕ, ಆಮೇಲೆ ಮಾತು

ಸ್ಟಾಕ್ ಕಡಿಮೆ ಬರ್ತಿದೆ, ಕೆಲಸದವರಲ್ಲೇ ಯಾರೋ ಎತ್ತುತ್ತಿದ್ದಾರೆ ಅನ್ನೋ ಅನುಮಾನ ಬಂದಿದ್ದರೆ ಇವತ್ತು ಒಂದು ಕೆಲಸ ಮಾಡಿ. ಯಾರಿಗೂ ಹೇಳಬೇಡಿ. ಪಕ್ಕದ ಅಂಗಡಿಯವರಿಗೂ ಬೇಡ, ನಿಮ್ಮ ನಂಬಿಕೆಯ ಹಳೇ ಕೆಲಸದವರಿಗೂ ಬೇಡ. ನಿಜವಾಗಿ ಕದಿಯುತ್ತಿರುವವರು ನಾಳೆಯಿಂದಲೇ ಹುಷಾರಾಗುತ್ತಾರೆ. ಕದಿಯದೇ ಇರುವವರಿಗೆ ಆಗುವ ನಷ್ಟ ಇನ್ನೂ ದೊಡ್ಡದು. ಸಣ್ಣ ಊರಿನಲ್ಲಿ ‘ಅವನ ಕೈ ಶುದ್ಧ ಇಲ್ಲವಂತೆ’ ಅನ್ನೋ ಮಾತು ಒಂದು ಸಲ ಹೊರಗೆ ಬಿದ್ದರೆ ಆಮೇಲೆ ಆ ಬೀದಿಯಲ್ಲಿ ಯಾವ ಅಂಗಡಿಯವರೂ ಅವನನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ.

ಅನುಮಾನ ಸಾಮಾನ್ಯವಾಗಿ ಹೊಸಬರ ಮೇಲೆ, ಬಡವರ ಮೇಲೆ, ಬೇರೆ ಊರಿನಿಂದ ಬಂದವರ ಮೇಲೆ ಮೊದಲು ಹೋಗುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಗಾದೆಯನ್ನು ಇಂಥ ಹೊತ್ತಲ್ಲಿ ನಂಬಲೇಬೇಡಿ. ಸಂಬಳ ಕೊಡುವ ಯಜಮಾನರೇ ಕಣ್ಣು ಕೆಂಪು ಮಾಡಿದರೆ ತಪ್ಪು ಮಾಡದವರೂ ಬೆವರುತ್ತಾರೆ, ತೊದಲುತ್ತಾರೆ. ಮುಖ ನೋಡಿ ಕಳ್ಳನನ್ನು ಹಿಡಿಯೋಕೆ ಆಗಲ್ಲ. ಅದರ ಬದಲು ಗೋಡೌನಿನ ಕೀ ಯಾರ ಹತ್ತಿರ ಇರುತ್ತದೆ, ಬಿಲ್ ಕ್ಯಾನ್ಸಲ್ ಮಾಡುವ ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತು, ಬೆಳಿಗ್ಗೆ ಬಾಗಿಲು ತೆಗೆಯುವವರು ಯಾರು ಅಂತ ಬರೆದುಕೊಳ್ಳಿ.

ಇನ್ನೊಂದು ವಿಷಯ. ಕಡಿಮೆ ಬಂದದ್ದೆಲ್ಲ ಕಳ್ಳತನ ಅಲ್ಲ. 50 ಕೆಜಿ ಸಕ್ಕರೆ ಮೂಟೆಯನ್ನು ಒಂದೊಂದು ಕೆಜಿ ಪ್ಯಾಕೆಟ್ ಮಾಡುವಾಗ ಪ್ರತಿ ಪ್ಯಾಕೆಟ್‌ಗೆ 10 ಗ್ರಾಂ ಜಾಸ್ತಿ ಬಿದ್ದರೂ ಮೂಟೆಗೆ ಅರ್ಧ ಕೆಜಿ ಹೋಯಿತು. ಸಪ್ಲೈ ಗಾಡಿಯವರು 24 ಅಂತ ಬಿಲ್ ಹಾಕಿ 22 ಇಳಿಸಿರಬಹುದು, ಎಣಿಸದೆ ಸಹಿ ಹಾಕಿದ್ದೀರಿ ಅಷ್ಟೇ. ಎಕ್ಸ್‌ಪೈರಿ ಆದ ಮಾಲು ವಾಪಸ್ ಕಳಿಸಿದ್ದು ಎಲ್ಲೂ ಬರೆದಿರುವುದಿಲ್ಲ. ಉದ್ರಿ ಪುಸ್ತಕದಲ್ಲಿ ಬರೆಯಲು ಮರೆತದ್ದು ಇರುತ್ತದೆ. ಇಲಿ ಇರುತ್ತದೆ. ಎಲ್ಲಕ್ಕಿಂತ ಜಾಸ್ತಿ, ಮನೆಯವರು ‘ನಮ್ಮದೇ ಅಂಗಡಿ ಅಲ್ವಾ’ ಅಂತ ತೆಗೆದುಕೊಂಡು ಹೋಗಿರುತ್ತಾರೆ. ಮನೆಗೆ ಹೋಗುವ ಎಣ್ಣೆ, ಬೇಳೆ, ಬಿಸ್ಕೆಟ್ ಎಲ್ಲವನ್ನೂ ಎರಡು ವಾರ ತಪ್ಪದೆ ಬರೆಯಿರಿ. ಅನುಮಾನ ಅಲ್ಲಿಗೇ ಮುಗಿದರೂ ಮುಗಿಯಬಹುದು.

ಆಮೇಲೆ ಎಣಿಕೆ. ಇಡೀ ಅಂಗಡಿಯನ್ನು ಎಣಿಸಲು ಹೊರಟರೆ ಒಂದೇ ದಿನಕ್ಕೆ ಸುಸ್ತಾಗುತ್ತೀರಿ. ಚಿಕ್ಕದಾಗಿರುವ, ಬೆಲೆ ಜಾಸ್ತಿ ಇರುವ, ಜೇಬಿಗೆ ಹೋಗುವ ನಾಲ್ಕೈದು ಐಟಂ ಹಿಡಿಯಿರಿ. ಗೋಡಂಬಿ, ತುಪ್ಪ, ಸಿಗರೇಟು, ಬ್ಲೇಡು, ಶಾಂಪೂ. ಸೋಮವಾರ ರಾತ್ರಿ ಬಾಗಿಲು ಹಾಕಿದ ಮೇಲೆ ಗೋಡಂಬಿ 42 ಪ್ಯಾಕೆಟ್ ಇತ್ತು ಅಂದುಕೊಳ್ಳಿ. ಬುಧವಾರ 24 ಬಂತು. ಶನಿವಾರ ರಾತ್ರಿಯವರೆಗೆ ಬಿಲ್ ಆದದ್ದು 31. ಹಾಗಾದರೆ 35 ಇರಬೇಕು. ಶೆಲ್ಫಿನಲ್ಲಿ 29 ಇದೆ. ಆರು ಪ್ಯಾಕೆಟ್ ಇಲ್ಲ. ಇದಿಷ್ಟರಿಂದ ಯಾರು ಅಂತ ಗೊತ್ತಾಗಲ್ಲ. ಮುಂದಿನ ವಾರ ಅದೇ ಐಟಂ ಅನ್ನು ಬೆಳಿಗ್ಗೆ, ಮಧ್ಯಾಹ್ನ ಊಟಕ್ಕೆ ಮೊದಲು, ರಾತ್ರಿ ಹೀಗೆ ಮೂರು ಸಲ ನೀವೇ ಎಣಿಸಿ. ಯಾವ ಹೊತ್ತಿನಲ್ಲಿ ಕಡಿಮೆ ಆಗುತ್ತಿದೆ ಅನ್ನೋದು ತಾನಾಗಿ ಕಾಣುತ್ತದೆ, ಆ ಹೊತ್ತಿನಲ್ಲಿ ಯಾರ್‍ಯಾರು ಇದ್ದರು ಅನ್ನೋದು ಹಾಜರಿ ಪುಸ್ತಕದಲ್ಲಿ ಇರುತ್ತದೆ.

ದುಡ್ಡಿನ ವಿಷಯ ಸ್ವಲ್ಪ ಸೂಕ್ಷ್ಮ. ಗಲ್ಲಾ ಟ್ಯಾಲಿ ಆಯಿತು ಅಂದಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ. ಗಿರಾಕಿ 480 ರೂಪಾಯಿ ನಗದು ಕೊಟ್ಟು, ಮಾಲು ತೆಗೆದುಕೊಂಡು ಬೈಕ್ ಹತ್ತುತ್ತಾರೆ. ಅವರು ಹೋದ ಎರಡು ನಿಮಿಷಕ್ಕೆ ಆ ಬಿಲ್ ಕ್ಯಾನ್ಸಲ್ ಆಗುತ್ತದೆ, 480 ಜೇಬಿಗೆ ಹೋಗುತ್ತದೆ. ರಾತ್ರಿ ಲೆಕ್ಕ ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲದೆ ಕೂಡಿ ಬರುತ್ತದೆ. ಅದಕ್ಕೇ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಕ್ಯಾನ್ಸಲ್ ಆದ, ತಿದ್ದಿದ, ರಿಟರ್ನ್ ಆದ ಬಿಲ್‌ಗಳ ಪಟ್ಟಿ ತೆಗೆಯಿರಿ. ಯಾರ ಲಾಗಿನ್, ಎಷ್ಟು ಹೊತ್ತಿಗೆ, ನಗದೋ ಯುಪಿಐಯೋ ನೋಡಿ. ನಗದು ಬಿಲ್ಲುಗಳೇ, ಒಂದೇ ಲಾಗಿನ್‌ನಿಂದಲೇ ಮತ್ತೆ ಮತ್ತೆ ಕ್ಯಾನ್ಸಲ್ ಆಗಿದ್ದರೆ ಅಲ್ಲಿ ವಿಚಾರಿಸುವ ವಿಷಯ ಇದೆ. ಆದರೆ ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದರೆ ಆ ಪಟ್ಟಿ ಯಾರನ್ನೂ ತೋರಿಸುವುದಿಲ್ಲ, ಮೊದಲು ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಮಾಡಿಕೊಡಿ. ಕೌಂಟರಿನ ಕ್ಯೂಆರ್ ಕೋಡ್ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದಾರಾ ಅಂತ ನಿಮ್ಮ ಫೋನಿನಿಂದಲೇ ಒಂದು ರೂಪಾಯಿ ಕಳಿಸಿ, ಯಾರ ಹೆಸರು ಬರುತ್ತದೆ ನೋಡಿ.

ಕ್ಯಾಮೆರಾ ಇದ್ದರೆ ತಡ ಮಾಡಬೇಡಿ. ದೃಶ್ಯ ರೆಕಾರ್ಡ್ ಆಗುವ ಪೆಟ್ಟಿಗೆ, ಅಂದರೆ ಡಿವಿಆರ್‌ನಲ್ಲಿ ಜಾಗ ತುಂಬಿದಂತೆ ಹಳೆಯದು ಅಳಿಸಿಹೋಗುತ್ತದೆ. ಬೇಕಾದ ಹೊತ್ತಿನ ದೃಶ್ಯವನ್ನು ಪೂರ್ತಿಯಾಗಿ, ಕತ್ತರಿಸದೆ, ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಡಿವಿಆರ್ ಅನ್ನೂ ಹಾಗೇ ಇಟ್ಟುಕೊಳ್ಳಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ, ಮೊಬೈಲಿನಲ್ಲಿ ಸ್ಕ್ರೀನ್ ಮೇಲಿಂದ ಶೂಟ್ ಮಾಡಿಕೊಂಡ ತುಣುಕು ಸಾಲದು.

ಈಗ ಮಾಡಬಾರದ್ದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಷ್ಟ ಆದವರೇ ಇಲ್ಲಿ ಆರೋಪಿ ಆಗಿಬಿಡುತ್ತಾರೆ. ಕೆಲಸದವರನ್ನು ಗೋಡೌನಿನಲ್ಲಿ ಕೂಡಿಹಾಕಿ ‘ಒಪ್ಪಿಕೋ’ ಅನ್ನುವುದು ಅಪರಾಧ. ಒಪ್ಪಿಸುವುದಕ್ಕಾಗಿ ಹೊಡೆದರೆ ಭಾರತೀಯ ನ್ಯಾಯ ಸಂಹಿತೆಯ 120ನೇ ಸೆಕ್ಷನ್, 7 ವರ್ಷದವರೆಗೆ ಜೈಲು. ಮೈ ತಡಕಬೇಡಿ, ಫೋನ್ ಕಿತ್ತುಕೊಳ್ಳಬೇಡಿ. ‘ಹಣ ತಂದುಕೊಡು, ಇಲ್ಲಾಂದ್ರೆ ಸ್ಟೇಷನ್ನು’ ಅಂತ ಹೆದರಿಸಿ ಖಾಲಿ ಚೆಕ್ಕಿಗೆ, ಖಾಲಿ ಬಾಂಡ್ ಪೇಪರಿಗೆ ಸಹಿ ಹಾಕಿಸಿಕೊಂಡರೆ ಸುಲಿಗೆಯ ದೂರು ನಿಮ್ಮ ಮೇಲೇ ಬರಬಹುದು. ವರ್ತಕರ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿ ‘ಇವನನ್ನು ಯಾರೂ ಸೇರಿಸಿಕೊಳ್ಳಬೇಡಿ’ ಅಂತ ಬರೆದರೆ ಮಾನನಷ್ಟದ ಕೇಸು. ದೇವರ ಮುಂದೆ ಆಣೆ ಮಾಡಿಸುವುದು, ಅಂಜನ ಹಾಕಿಸಿ ನೋಡುವುದು ಇವೆಲ್ಲ ಬಿಟ್ಟುಬಿಡಿ. ಅದರಿಂದ ಸಾಕ್ಷಿ ಹುಟ್ಟುವುದಿಲ್ಲ, ಒಬ್ಬ ಮನುಷ್ಯನಿಗೆ ಎಲ್ಲರೆದುರು ಅವಮಾನ ಆಗುತ್ತದೆ ಅಷ್ಟೇ.

ಕಾಗದ ಕೈಯಲ್ಲಿ ಇದ್ದಾಗ ಮಾತಾಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಬಾಗಿಲು ತೆಗೆದಿಟ್ಟು, ನಿಮ್ಮ ಕಡೆ ಒಬ್ಬ ಸಾಕ್ಷಿ ಕೂರಿಸಿಕೊಂಡು ಮಾತಾಡಿ. ಕೆಲಸದವರು ಹೆಣ್ಣುಮಗಳಾಗಿದ್ದರೆ ಒಬ್ಬ ಹೆಂಗಸು ಜೊತೆಗಿರಲಿ. ‘ನೀನು ಕದ್ದೆ’ ಅಂತ ಶುರು ಮಾಡಬೇಡಿ. ‘12ನೇ ತಾರೀಕು ಸಂಜೆ ಈ ಮೂರು ಬಿಲ್ ಕ್ಯಾನ್ಸಲ್ ಆಗಿದೆ, ಇದೇನು ಸ್ವಲ್ಪ ಹೇಳು’ ಅನ್ನಿ, ಆಮೇಲೆ ಸುಮ್ಮನಿರಿ. ಪ್ರಿಂಟರ್ ಪೇಪರ್ ಸಿಕ್ಕಿಹಾಕಿಕೊಂಡು ಎರಡನೇ ಸಲ ಬಿಲ್ ಮಾಡಿದ್ದೆ ಅನ್ನೋ ಉತ್ತರ ಬಂದರೆ ಆ ಎರಡನೇ ಬಿಲ್ ಹುಡುಕಿ. ಸಿಕ್ಕರೆ ಮಾತು ಅಲ್ಲಿಗೆ ಮುಗಿಯಿತು. ಅನುಮಾನದ ಸುದ್ದಿ ಅಷ್ಟರಲ್ಲಿ ಬೇರೆಯವರ ಕಿವಿಗೆ ಬಿದ್ದಿದ್ದರೆ ಅವರೆದುರೇ ‘ಲೆಕ್ಕ ಸರಿ ಇದೆ, ಇವನದೇನೂ ತಪ್ಪಿಲ್ಲ’ ಅಂತ ನೀವೇ ಹೇಳಬೇಕು.

ಉತ್ತರ ಸರಿ ಹೋಗದಿದ್ದರೂ ಆ ಕ್ಷಣಕ್ಕೆ ‘ನಾಳೆಯಿಂದ ಬರಬೇಡ’ ಅನ್ನಬೇಡಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಸೆಕ್ಷನ್ ಪ್ರಕಾರ ಆರು ತಿಂಗಳು ಬಿಡದೆ ಕೆಲಸ ಮಾಡಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು, ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡಬೇಕು. ದುರ್ನಡತೆ ಅಂತ ನೋಟಿಸ್ ಇಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. ದೊಡ್ಡ ಕಂಪನಿಯ ಹಾಗೆ ಸಮಿತಿ ಏನೂ ಬೇಡ. ದಿನಾಂಕ, ಐಟಂ, ಮೊತ್ತ ಬರೆದು ವಿವರಣೆ ಕೇಳುವ ಷೋಕಾಸ್ ನೋಟಿಸ್ ಕೊಟ್ಟು ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಉತ್ತರಕ್ಕೆ ಒಂದು ವಾರ ಕೊಡಿ. ಅವರು ಓದಿ ಅರ್ಥ ಮಾಡಿಕೊಳ್ಳುವ ಭಾಷೆಯಲ್ಲೇ ಬರೆಯಿರಿ. ವಿಚಾರಣೆಗೆ ನಿಮ್ಮ ಬದಲು ಲೆಕ್ಕ ಬರೆಯುವವರೋ ವಕೀಲರೋ ಕೂತರೆ ಒಳ್ಳೆಯದು. ಯಾರು ಏನು ಹೇಳಿದರು ಎಲ್ಲ ಬರೆದು ಸಹಿ ಹಾಕಿಸಿ. ಅಲ್ಲಿಯವರೆಗೆ ಗಲ್ಲಾದಿಂದ ಬೇರೆ ಕೆಲಸಕ್ಕೆ ಹಾಕಿ, ಅಥವಾ ಸಂಬಳ ಕೊಟ್ಟೇ ರಜೆ ಮೇಲೆ ಕಳಿಸಿ.

ಪೊಲೀಸರ ಹತ್ತಿರ ಹೋಗಬೇಕಾ? ಮೊತ್ತ ದೊಡ್ಡದಾಗಿದ್ದರೆ, ಹಣ ಬ್ಯಾಂಕ್ ಖಾತೆಗೆ ಹೋಗಿದ್ದರೆ, ಹೊರಗಿನವರೂ ಸೇರಿಕೊಂಡಿದ್ದರೆ ಹೋಗಲೇಬೇಕು ಅಂತ ನನ್ನ ಅಭಿಪ್ರಾಯ. 2024ರ ಜುಲೈ 1ರಿಂದ ಐಪಿಸಿ ಬದಲು ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕೆಲಸದವರು ಮಾಲೀಕರ ಸ್ವತ್ತು ಕದ್ದರೆ 306, ಅವರ ಕೈಗೆ ನಂಬಿ ಒಪ್ಪಿಸಿದ ಹಣವನ್ನೇ ನುಂಗಿದರೆ 316(4). ಎರಡಕ್ಕೂ 7 ವರ್ಷದವರೆಗೆ ಶಿಕ್ಷೆ ಇದೆ. ದೂರಿನಲ್ಲಿ ಗೊತ್ತಿದ್ದಷ್ಟೇ ಬರೆಯಿರಿ, ಮೊತ್ತ ಉಬ್ಬಿಸಬೇಡಿ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿ ಕಚೇರಿಗೆ ಅಂಚೆಯಲ್ಲಿ ಕಳಿಸಬಹುದು. ಶಾಪ್‌ಕೀಪರ್ಸ್ ಇನ್ಶೂರೆನ್ಸ್ ಮಾಡಿಸಿದ್ದರೆ ಪಾಲಿಸಿ ತೆಗೆದು ‘ಫಿಡೆಲಿಟಿ ಗ್ಯಾರಂಟಿ’ ಅನ್ನೋ ಭಾಗ ಇದೆಯಾ ನೋಡಿ. ಕೆಲಸದವರಿಂದ ಆದ ನಷ್ಟಕ್ಕೆ ಅದು, ಕಂಪನಿಗೆ ಬೇಗ ತಿಳಿಸಬೇಕು.

ಉಳಿದದ್ದು ಸಂಬಳ. ಕಳ್ಳತನ ಸಾಬೀತಾದರೂ ದುಡಿದ ದಿನಗಳ ಸಂಬಳವನ್ನು ಸುಮ್ನೆ ಹಿಡಿದುಕೊಳ್ಳುವ ಹಾಗಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆ ಪ್ರಕಾರ ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳಲ್ಲಿ ಬಾಕಿ ಸಂಬಳ ಕೊಡಬೇಕು. ನಷ್ಟಕ್ಕೆ ಕಡಿತ ಮಾಡುವುದಿದ್ದರೆ ಮೊದಲು ಅವರ ವಿವರಣೆ ಕೇಳಿರಬೇಕು. ಅವರಾಗಿಯೇ ಕಂತಿನಲ್ಲಿ ವಾಪಸ್ ಕೊಡುತ್ತೇನೆ ಅಂದರೆ ಮೊತ್ತ, ತಾರೀಕು ಎಲ್ಲ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಅವರಿಗೂ ಒಂದು ಪ್ರತಿ ಕೊಡಿ. ಸಂಬಳವನ್ನು ಬ್ಯಾಂಕಿಗೇ ಹಾಕಿ, ರಸೀದಿ ಫೈಲಿನಲ್ಲಿ ಇರಲಿ. ಅವರ ಮಾರ್ಕ್ಸ್ ಕಾರ್ಡು, ಆಧಾರ್ ನಿಮ್ಮಲ್ಲಿದ್ದರೆ ಅದೇ ದಿನ ವಾಪಸ್ ಕೊಟ್ಟು, ಕೀ ಪಡೆದು, ಸಂಜೆಯೊಳಗೆ ಬೀಗ ಮತ್ತು ಪಾಸ್‌ವರ್ಡ್ ಎರಡನ್ನೂ ಬದಲಾಯಿಸಿ.