ನಲ್ಲಿ ನೀರಲ್ಲಿ ಸೀಸ ಇದೆಯೇ? ಸ್ಯಾಂಪಲ್ ಹಿಡಿಯುವ ಕ್ರಮ

ನೀರಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ನಂಬಿ ಕೂರಬೇಡಿ. ಲೀಟರಿಗೆ 300 ಮಿಲಿಗ್ರಾಂ ಲವಣ ಇರುವ ನೀರಿಗೆ 0.05 ಮಿಲಿಗ್ರಾಂ ಸೀಸ ಬೆರೆತರೆ ಮೀಟರಿನ ಅಂಕಿ ಕದಲುವುದೂ ಇಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಮಿತಿ 0.01, ಆ ನೀರಿನಲ್ಲಿರುವ ಸೀಸ ಅದರ ಐದು ಪಟ್ಟು.

ಎನ್‌ಎಬಿಎಲ್ (ಪರೀಕ್ಷಾ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಫೋನ್ ಮಾಡಿ, ಸೀಸವನ್ನು ಎಷ್ಟು ಕಡಿಮೆ ಮಟ್ಟದವರೆಗೆ ಅಳೆಯುತ್ತೀರಿ ಎಂದು ಕೇಳಿ. 0.05 ಎಂದರೆ ಬೇರೆ ಲ್ಯಾಬ್ ನೋಡಿ; ಅಲ್ಲಿಂದ ‘ಪತ್ತೆಯಾಗಿಲ್ಲ’ ಎಂಬ ರಿಪೋರ್ಟ್ ಬಂದರೂ ಪ್ರಯೋಜನವಿಲ್ಲ. ಬಾಟಲಿಯನ್ನೂ ಅವರಿಂದಲೇ ತನ್ನಿ, ಅಗಲ ಬಾಯಿಯದು.

ರಾತ್ರಿ ಅಡುಗೆಮನೆಯ ನಲ್ಲಿಯನ್ನು ಕನಿಷ್ಠ 6 ಗಂಟೆ ಮುಟ್ಟದೆ ಬಿಡಿ. ಬೆಳಿಗ್ಗೆ ಕಾಫಿಗೆ ನೀರು ಹಿಡಿಯುವುದಕ್ಕೂ ಮೊದಲು, ಪೂರ್ತಿ ತಿರುಗಿಸಿ, ಮೊದಲ 250 ಮಿಲಿ ಹಿಡಿಯಿರಿ. ಇದು ನಲ್ಲಿಯಲ್ಲೂ ಅದರ ಹಿಂದಿನ ಒಂದು–ಒಂದೂವರೆ ಮೀಟರ್ ಪೈಪಿನಲ್ಲೂ ನಿಂತಿದ್ದ ನೀರು. 5 ನಿಮಿಷ ಬಕೆಟ್ಟಿಗೆ ಹರಿಸಿ (ನೆಲ ಒರೆಸಲು ಆಯಿತು), ಎರಡನೇ ಬಾಟಲಿ ತುಂಬಿಸಿ. ಮೂರನೆಯದು ಸಂಪಿನಿಂದ.

ಮೊದಲನೆಯದರಲ್ಲಿ ಮಾತ್ರ ಹೆಚ್ಚಿದ್ದರೆ ಹಿತ್ತಾಳೆ ನಲ್ಲಿಯೋ ಅದರ ಫಿಟ್ಟಿಂಗೋ ಕಾರಣ, ಬದಲಿಸಿದರೆ ಮುಗಿಯಿತು. ಮೊದಲೆರಡರಲ್ಲೂ ಇದ್ದು ಸಂಪಿನಲ್ಲಿ ಇಲ್ಲದಿದ್ದರೆ ಮನೆಯ ಪೈಪು, ಟ್ಯಾಂಕು ನೋಡಿ. ಹಳೆಯ ಪಿವಿಸಿ ಪೈಪಿಗೆ ಸೀಸದ ಸ್ಟೆಬಿಲೈಸರ್ (ಪ್ಲಾಸ್ಟಿಕ್ ಕೆಡದಂತೆ ಬೆರೆಸುವ ವಸ್ತು) ಬಳಸುತ್ತಿದ್ದರು. ಮೂರರಲ್ಲೂ ಇದ್ದರೆ ತೊಂದರೆ ಬರುತ್ತಿರುವುದು ಸಂಪಿನಿಂದ ಅಥವಾ ಅದಕ್ಕೂ ಹಿಂದಿನಿಂದ.

ಹಿಂದಿನ ರಾತ್ರಿ ನೀರು ಹರಿಸಿ ಪೈಪು ತೊಳೆಯಬೇಡಿ, ನಲ್ಲಿಯ ಬಾಯಿಯ ಜಾಲರಿ ಬಿಚ್ಚಬೇಡಿ, ಸಣ್ಣ ಬಾಯಿಯ ಬಾಟಲಿಗೆ ನಿಧಾನವಾಗಿ ತುಂಬಬೇಡಿ. ಮೂರರಿಂದಲೂ ಸೀಸದ ಕಣ ತಪ್ಪಿಹೋಗಿ ಅಂಕಿ ಇಳಿಯುತ್ತದೆ. ಅಮೆರಿಕದ ಫ್ಲಿಂಟ್ ನಗರ 2014ರ ಏಪ್ರಿಲ್‌ನಲ್ಲಿ ನದಿ ನೀರಿಗೆ ಬದಲಾದಾಗ ಪೈಪು ಸವೆಯದಂತೆ ತಡೆಯುವ ಫಾಸ್ಫೇಟ್ ಹಾಕಲಿಲ್ಲ, ಸೀಸ ಕರಗಿ ನಲ್ಲಿಗೆ ಬಂತು. ಅಲ್ಲಿನ ಸ್ಯಾಂಪಲ್ ಸೂಚನೆಯಲ್ಲೂ ಮೊದಲು ನೀರು ಹರಿಸಿ ಎಂದಿತ್ತು. ಈ ಮೂರೂ ಬೇಡವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹೇಳಿದ್ದು 2016ರ ಫೆಬ್ರವರಿಯಲ್ಲಿ.

ರಿಪೋರ್ಟ್ ಬರುವತನಕ ಕುಡಿಯಲು ಆರ್‌ಒ ನೀರು ಬಳಸಿ. ಬರೀ ಯುವಿ ಫಿಲ್ಟರ್ ಸೀಸ ತೆಗೆಯದು. ಕುದಿಸಿದರಂತೂ ನೀರು ಆವಿಯಾಗಿ ಸೀಸದ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆ.

ಬೆಂಗಳೂರಿನ ಪೀಣ್ಯದಂಥ ಕಡೆ, ಎಲೆಕ್ಟ್ರೋಪ್ಲೇಟಿಂಗ್ (ಲೋಹಕ್ಕೆ ವಿದ್ಯುತ್ತಿನಿಂದ ಲೇಪ ಕೊಡುವ) ಘಟಕಗಳ ಸುತ್ತ ಬೋರ್‌ವೆಲ್ ನೀರಿದ್ದರೆ ಆರು ವೇಲೆನ್ಸಿಯ ಕ್ರೋಮಿಯಂ (ಕ್ರೋಮಿಯಂ ಲೋಹದ ವಿಷಕಾರಿ ರೂಪ) ಕೂಡ ಪರೀಕ್ಷಿಸಿ. ಅದಕ್ಕೆ ಬೇರೆ ಬಾಟಲಿ ಬೇಕು: ಸೀಸದ ಸ್ಯಾಂಪಲ್‌ಗೆ ಹಾಕುವ ನೈಟ್ರಿಕ್ ಆಮ್ಲ ಇದಕ್ಕೆ ಬಿದ್ದರೆ ಕ್ರೋಮಿಯಂ ರೂಪ ಬದಲಿಸಿ ಲೆಕ್ಕ ತಪ್ಪುತ್ತದೆ. ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ಲ್ಯಾಬಿಗೆ ಮುಟ್ಟಿಸಿ.