ಆರೆಂಜ್ ಕೆಳಗಿದ್ದ ಗ್ರೇ: ಹಳೇ ಟ್ರಕ್ ಇಂಜಿನ್ ಬಣ್ಣ ಹುಡುಕಿದ ನನ್ನ ಅನುಭವ

ನನ್ ಹತ್ರ ಇರೋದು 1950ರ ಶೆವರ್ಲೆ 3100 ಪಿಕಪ್ ಟ್ರಕ್, ಅದ್ರಲ್ಲಿ 216 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಇಂಜಿನ್. ನನ್ ಕೈಗೆ ಬಂದಾಗ ಇಂಜಿನ್ ಪೂರ್ತಿ ಆರೆಂಜ್. ನೋಡೋಕೆ ಲಕಲಕ ಅಂತಿತ್ತು ನಿಜ, ಆದ್ರೆ ಎಲ್ರೂ ಶೆವರ್ಲೆ ಆರೆಂಜ್ ಅನ್ನೋದು 1955ರ ವಿ8 (ಎಂಟು ಸಿಲಿಂಡರ್) ಇಂಜಿನ್ ಜೊತೆ ಬಂದಿದ್ದು, ಈ 216ಕ್ಕೆ ಫ್ಯಾಕ್ಟರೀಲಿ ಹೊಡೀತಿದ್ದಿದ್ದು ಗ್ರೇ. ಈಗ ಸಿಗೋ ಡಬ್ಬಿಗಳಲ್ಲಿ ಒಂದೊಂದು ಬ್ರ್ಯಾಂಡಿನ ಗ್ರೇ ಒಂದೊಂದು ಥರ, ಅದಕ್ಕೇ ಡಬ್ಬಿ ಹೆಸರು ಬಿಟ್ಟು ಇಂಜಿನ್ ಮೇಲೇ ಹುಡುಕೋಣ ಅಂತ ಕೂತೆ.

ಹಳೇ ಪೇಂಟ್ ಉಳಿಯೋದು ಬಿಸಿಲು, ಶಾಖ ಎರಡೂ ತಾಗದ ಕಡೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ ಹೊಗೆ ಹೊರಹೋಗೋ ಕಬ್ಬಿಣದ ಕೊಳವೆ) ಹತ್ರ ಹುಡುಕೋದೇ ದಂಡ, ಅಲ್ಲಿ ಎಲ್ಲಾ ಸುಟ್ಟುಹೋಗಿರುತ್ತೆ. ಇಂಜಿನ್‌ಗೆ ಪೇಂಟ್ ಹೊಡೆದಾದ್ಮೇಲೆ ಕೂರಿಸಿರೋ ಬ್ರಾಕೆಟ್ ಬಿಚ್ಚಿ ನೋಡ್ಬೇಕು, ಅದರಡಿ ಪೇಂಟ್ ಹಾಗೇ ಇರುತ್ತೆ. ಗ್ರೀಸು ಧೂಳು ಸೇರಿ ಗಟ್ಟಿಯಾಗಿರೋ ಜಾಗಾನೂ ಅಷ್ಟೇ, ಆ ಕೊಳೆನೇ ಪೇಂಟನ್ನ ಕಾಪಾಡಿರುತ್ತೆ. ಸೀಮೆಎಣ್ಣೆ, ಮೆತ್ತನೆ ನೈಲಾನ್ ಬ್ರಶ್ ಸಾಕು. ಥಿನ್ನರ್, ವೈರ್ ಬ್ರಶ್ ಹತ್ರಾನೂ ತರಬೇಡಿ, ಹುಡುಕ್ತಿರೋ ಬಣ್ಣಾನೇ ಎದ್ದುಹೋಗುತ್ತೆ.

ಪುಶ್‌ರಾಡ್ ಸೈಡ್ ಕವರ್ (ಇಂಜಿನ್ ಪಕ್ಕದ ಮುಚ್ಚಳ) ತಗಡಿಂದು, ನುಣ್ಣಗಿರುತ್ತೆ. ಅದ್ರ ಮೂಲೇಲಿ 2000 ನಂಬರ್ ವಾಟರ್ ಪೇಪರ್ (ತುಂಬಾ ನಯವಾದ ಉಜ್ಜುಕಾಗದ) ನೀರಲ್ಲಿ ಅದ್ದಿ ರೌಂಡಾಗಿ ನಿಧಾನಕ್ಕೆ ಉಜ್ಜಿದೆ. ಮೊದ್ಲು ಆರೆಂಜ್, ಅದರೊಳಗೆ ಗ್ರೇದೊಂದು ಬಳೆ, ಮಧ್ಯ ಬರೀ ಕಬ್ಬಿಣ. ಕಬ್ಬಿಣಕ್ಕೆ ಅಂಟ್ಕೊಂಡಿರೋ ಪದರಾನೇ ಮೊದಲಿಂದು. ಹಳೇ ಪೇಂಟಲ್ಲಿ ಸೀಸ ಇರಬಹುದು, ಒಣಗಿರುವಾಗ ಉಜ್ಜಲೇಬೇಡಿ, ಮಾಸ್ಕ್ ಹಾಕ್ಕೊಳ್ಳಿ.

ತುಂಬಾ ಜನ ಎಡವೋದು ಇದಾದ್ಮೇಲೆ. ಹಳೇ ಎಣ್ಣೆ ಬೇಸಿನ ಎನಾಮೆಲ್ ಕತ್ತಲಲ್ಲಿದ್ರೆ ಹಳದಿಗೆ ತಿರುಗುತ್ತೆ, ಹಾಗಾಗಿ ಬ್ರಾಕೆಟ್ ಅಡಿ, ಆರೆಂಜ್ ಅಡಿ ಸಿಕ್ಕಿದ ಗ್ರೇನ ಹಾಗೇ ಕಾಪಿ ಮಾಡಿದ್ರೆ ಬಣ್ಣ ಮಣ್ಣುಮಣ್ಣಾಗಿ ಬರುತ್ತೆ. ಕವರನ್ನ ಕೆಲವು ದಿನ ಬೆಳಕಲ್ಲಿಟ್ರೆ ಆ ಹಳದಿ ಸುಮಾರು ಇಳಿಯುತ್ತೆ, ಆಮೇಲೆ ಪಾಲಿಶ್ ಕಾಂಪೌಂಡ್ ಹಾಕಿ ಉಜ್ಜಿ ಮ್ಯಾಚ್ ಮಾಡೋಕೆ ಕೂರಬೇಕು. ಪೇಂಟ್ ಅಂಗಡಿಯ ಬಣ್ಣ ಅಳೆಯೋ ಸ್ಕ್ಯಾನರ್‌ಗೂ ಇಂಥ ನುಣ್ಣಗಿರೋ ಜಾಗಾನೇ ಬೇಕು, ಬ್ಲಾಕಿನ ತರಿತರಿ ಎರಕದ ಮೇಲೆ ಇಟ್ರೆ ರೀಡಿಂಗ್ ಸರಿ ಬರಲ್ಲ.

ಸ್ಕ್ಯಾನ್ ಕೊಟ್ಟಿದ್ದು ಹತ್ತಿರದ ಬಣ್ಣ ಅಷ್ಟೇ, ಉಳಿದಿದ್ದು ಕಣ್ಣಿಂದ. ಬಿಳಿಗೆ ಕಪ್ಪು ಬೆರೆಸಿದ್ರೆ ಗ್ರೇ ನೀಲಿ ಕಡೆ ವಾಲುತ್ತೆ, ನಂದಕ್ಕೆ ಚೂರೇ ಚೂರು ಹಳದಿ ಆಕ್ಸೈಡ್ ಬಣ್ಣ ಬಿದ್ಮೇಲೆ ಕೂತ್ಕೊಳ್ತು. ಪ್ರತಿ ಮಿಕ್ಸನ್ನೂ ಪ್ರೈಮರ್ ಹೊಡೆದ ತಗಡಿನ ಮೇಲೆ ಸ್ಪ್ರೇ ಮಾಡಿ, ಪೂರ್ತಿ ಒಣಗಿಸಿ, ಬಿಸಿ ಮಾಡಿ ಆರಿಸಿ, ಆಮೇಲೇ ಕವರ್ ಪಕ್ಕ ಇಟ್ಟು ನೋಡ್ತಿದ್ದೆ. ಹಸಿ ಇರುವಾಗ ಒಂದು ಬಣ್ಣ, ಒಣಗಿದ್ಮೇಲೆ ಇನ್ನೊಂದು. ಟ್ಯೂಬ್‌ಲೈಟಲ್ಲಿ ಒಂದೇ ಅನ್ಸಿದ್ದು ಹಗಲು ಬೆಳಕಲ್ಲಿ ಬೇರೆ ಬೇರೆ ಕಾಣುತ್ತೆ, ಅದಕ್ಕೆ ನೆರಳಲ್ಲಿ, ಹಗಲಲ್ಲಿ ನೋಡಿದ್ದನ್ನೇ ನಂಬಿದ್ದು.

ಹೊಳಪೂ ಬಣ್ಣದಷ್ಟೇ ಮುಖ್ಯ. ನನ್ನ ಕವರಲ್ಲಿ ಉಳಿದಿದ್ದ ಪೇಂಟಿಗೆ ಹದವಾದ ಹೊಳಪಿತ್ತು, ಕನ್ನಡಿ ಥರ ಇರ್ಲಿಲ್ಲ, ಅದಕ್ಕೆ ಮೇಲೆ ಕ್ಲಿಯರ್ ಕೋಟ್ (ಹೊಳಪಿನ ಪಾರದರ್ಶಕ ಪದರ) ಹಾಕ್ಲೇ ಇಲ್ಲ. ಮ್ಯಾನಿಫೋಲ್ಡನ್ನ ಬರೀ ಕಬ್ಬಿಣವಾಗೇ ಬಿಟ್ಟೆ. ಉಜ್ಜಿ ಬಣ್ಣ ಹುಡುಕಿದ ಸೈಡ್ ಕವರಿನ ಆ ಮೂಲೇನ ಟೇಪ್ ಹಾಕಿ ಮುಚ್ಚಿಟ್ಟು ಮಿಕ್ಕಿದ್ದಕ್ಕೆ ಪೇಂಟ್ ಹೊಡೆದಿದ್ದೀನಿ, ಮುಂದೆ ಟಚಪ್‌ಗೆ ಮ್ಯಾಚ್ ಮಾಡೋರಿಗೆ ಒರಿಜಿನಲ್ ಅಲ್ಲೇ ಸಿಗುತ್ತೆ.