ಪವರ್ಡ್ ಸ್ಪೀಕರ್‌ಗೆ ಕರೆಂಟ್ ಕೊಡುವ ಮುಂಚೆ

ಪವರ್ಡ್ ಸ್ಪೀಕರ್ ಬಂದ ಮೇಲೆ ಕೆಲಸ ಎಷ್ಟೋ ಹಗುರಾಗಿದೆ. ಆಂಪ್ಲಿಫೈಯರ್ ರ್ಯಾಕ್ ಹೊರಬೇಕಿಲ್ಲ, ಓಮ್ಸ್ ಲೆಕ್ಕ ಹಾಕಬೇಕಿಲ್ಲ, ಆಂಪ್ ಡಬ್ಬದೊಳಗೇ ಕೂತಿರುತ್ತದೆ. ಪ್ಲಗ್ ಚುಚ್ಚಿ, ಮಿಕ್ಸರ್‌ನಿಂದ ಒಂದು ಕೇಬಲ್ ಎಳೆದರೆ ಆಯಿತು. ಆದರೆ ಒಂದು ವ್ಯತ್ಯಾಸ ತಲೆಯಲ್ಲಿರಲಿ. ಹಳೇ ಸ್ಪೀಕರ್‌ಗೆ ಹೋಗುತ್ತಿದ್ದದ್ದು ಆಂಪ್‌ನಿಂದ ಬಂದ ತಂತಿ ಮಾತ್ರ. ಇದಕ್ಕೆ ಹೋಗುವುದು ನೇರ ಮೇನ್ಸ್ ಕರೆಂಟ್, ಅದೂ ಸ್ಟ್ಯಾಂಡ್ ಮೇಲೆ, ಜನ ಓಡಾಡುವ ಜಾಗದಲ್ಲಿ, ಕೆಲವೊಮ್ಮೆ ಬಯಲಲ್ಲಿ.

ಮೊದಲು ಅರ್ಥಿಂಗ್ ವಿಷಯ. ಎಲ್ಲರೂ ತಪ್ಪು ಮಾಡುವುದು ಇಲ್ಲೇ, ನಾನೂ ಮಾಡಿದ್ದೇನೆ.

ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಕಾರ್ಯಕ್ರಮಕ್ಕೆ ಎರಡು ಸ್ಪೀಕರ್ ಇಟ್ಟಿದ್ದೆ. ಆನ್ ಮಾಡಿದ ತಕ್ಷಣ 'ಹ್ಞೂಂ' ಅಂತ ಹಮ್. ಯಾರೋ ಹೇಳಿದ್ದ ಉಪಾಯ ನೆನಪಾಗಿ ಎರಡೂ ಪ್ಲಗ್‌ಗಳ ಅರ್ಥ್ ಪಿನ್ ತಪ್ಪಿಸಿಬಿಟ್ಟೆ. ಹಮ್ ಮಾಯ! ಮಿಕ್ಸರ್ ಮೊದಲೇ ಎರಡು ಪಿನ್ನಿನ ಅಡಾಪ್ಟರ್‌ನಲ್ಲಿತ್ತು. ಐದು ನಿಮಿಷಕ್ಕೆ ಹಾಡುವವರು ಬಂದು "ಮೈಕ್ ತುಟಿಗೆ ತಾಗಿದರೆ ಚುರ್ ಅನ್ನುತ್ತಿದೆ" ಅಂದರು. ಮೈಕ್‌ನ ಜಾಲರಿಗೆ ಟೆಸ್ಟರ್ ಇಟ್ಟರೆ ಉರಿಯಿತು. ಮೀಟರ್ ಹಿಡಿದರೆ ಜಾಲರಿಗೂ ನೆಲದ ಅರ್ಥ್‌ಗೂ ಮಧ್ಯೆ ನೂರು ವೋಲ್ಟ್‌ಗಿಂತ ಜಾಸ್ತಿ ತೋರಿಸಿತು. ನನಗೆ ಕೈಕಾಲು ತಣ್ಣಗಾಯಿತು.

ಆಗಿದ್ದೇನು ಅಂದರೆ, ಈ ಸ್ಪೀಕರ್‌ಗಳ ಪವರ್ ಸಪ್ಲೈನಲ್ಲಿ ಒಂದು ಫಿಲ್ಟರ್ ಇರುತ್ತದೆ. ಅದರ ಸಣ್ಣ ಕೆಪ್ಯಾಸಿಟರ್‌ಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಚಾಸಿಗೆ, ಅಂದರೆ ಡಬ್ಬದ ಲೋಹದ ಚೌಕಟ್ಟಿಗೆ, ಜೋಡಣೆ ಆಗಿರುತ್ತವೆ. ಅರ್ಥ್ ಇದ್ದರೆ ಆ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಚಾಸಿ ಮೇನ್ಸ್‌ನ ಸುಮಾರು ಅರ್ಧ ವೋಲ್ಟೇಜ್‌ನಲ್ಲಿ ತೇಲುತ್ತದೆ. ಅದು ಸಿಗ್ನಲ್ ಕೇಬಲ್‌ನ ಶೀಲ್ಡ್ (ಒಳತಂತಿ ಸುತ್ತ ಇರುವ ಲೋಹದ ಹೊದಿಕೆ) ಹಿಡಿದುಕೊಂಡು ಮಿಕ್ಸರ್‌ಗೆ, ಅಲ್ಲಿಂದ ಮೈಕ್‌ಗೆ ಬರುತ್ತದೆ. ಕರೆಂಟ್ ಕಮ್ಮಿ ಇರುವುದರಿಂದ ಬರೀ ಚುರುಕು. ಆದರೆ ಒಳಗೆ ಯಾವುದೋ ಒಂದು ತಂತಿ ಸವೆದು ಚಾಸಿಗೆ ತಾಗಿದರೆ ಅದೇ ಮೈಕ್‌ಗೆ ಪೂರ್ತಿ 230 ವೋಲ್ಟ್ ಬರಬಹುದು, ಆಗ ಚುರುಕಿನಲ್ಲಿ ಮುಗಿಯುವುದಿಲ್ಲ.

ಹಾಗಾದರೆ ಹಮ್‌ಗೆ ಏನು ಮಾಡುವುದು? ಅರ್ಥ್ ಮುಟ್ಟಬೇಡಿ, ಸಿಗ್ನಲ್ ಕಡೆ ನೋಡಿ. ಮಿಕ್ಸರ್ ಮತ್ತು ಸ್ಪೀಕರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ, ಅರ್ಧ ಜನರ ಹಮ್ ಅಲ್ಲೇ ಸಾಯುತ್ತದೆ. ಕೇಬಲ್ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ (ದಾರಿಯಲ್ಲಿ ಸೇರುವ ಗದ್ದಲ ಕಮ್ಮಿ ಮಾಡುವ, ಮೂರು ಪಿನ್ನಿನ ಬಗೆ) ಇರಲಿ. ಲ್ಯಾಪ್‌ಟಾಪ್‌ನಿಂದ ಹಮ್ ಬರುತ್ತಿದ್ದರೆ ಮಧ್ಯೆ ಡಿಐ ಬಾಕ್ಸ್ (ಸಿಗ್ನಲ್ಲನ್ನು ಬ್ಯಾಲೆನ್ಸ್ಡ್ ಮಾಡಿ ಕೊಡುವ ಸಣ್ಣ ಡಬ್ಬ) ಹಾಕಿ. ಅದಕ್ಕೂ ಬಗ್ಗದಿದ್ದರೆ ಸಿಗ್ನಲ್ ಐಸೊಲೇಶನ್ ಟ್ರಾನ್ಸ್‌ಫಾರ್ಮರ್, ಅಂದರೆ ತಂತಿಗಳು ನೇರ ಕೂಡದಂತೆ ಸಿಗ್ನಲ್ ಮಾತ್ರ ದಾಟಿಸುವ ಸಾಧನ. ಬ್ಯಾಗಿನಲ್ಲಿ ಒಂದು ಜೊತೆ ಇಟ್ಟುಕೊಂಡರೆ ಪಿನ್ ಮುರಿಯುವ ಆಸೆಯೇ ಬರುವುದಿಲ್ಲ.

ಇನ್ನು ಕರೆಂಟ್. ಸ್ಪೀಕರ್ ಹಿಂದಿನ ತಗಡಿನಲ್ಲಿ ವೋಲ್ಟೇಜ್ ಬರೆದಿರುತ್ತದೆ. ಕೆಲವು 100ರಿಂದ 240ರವರೆಗೆ ಏನು ಕೊಟ್ಟರೂ ಒಪ್ಪಿಕೊಳ್ಳುತ್ತವೆ. ಕೆಲವಕ್ಕೆ 115/230 ಅಂತ ಸಣ್ಣ ಸ್ವಿಚ್ ಇರುತ್ತದೆ. ಅದು 115ರಲ್ಲಿದ್ದಾಗ 230 ಕೊಟ್ಟರೆ ಆ ಕ್ಷಣವೇ ಢಂ. ಬೇರೆಯವರಿಂದ ತಂದ ಅಥವಾ ಸೆಕೆಂಡ್ ಹ್ಯಾಂಡ್ ಸ್ಪೀಕರ್ ಆದರೆ ಮೊದಲು ಇದನ್ನೇ ನೋಡಿ.

ಗೊತ್ತಿಲ್ಲದ ಜಾಗದ ಸಾಕೆಟ್‌ಗೆ ಸುಮ್ನೆ ಪ್ಲಗ್ ಹಾಕಬೇಡಿ, ಮಲ್ಟಿಮೀಟರ್ ಹಿಡಿಯಿರಿ. 230 ವೋಲ್ಟ್ ವ್ಯವಸ್ಥೆಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಮಧ್ಯೆ 207ರಿಂದ 253ರ ಒಳಗಿದ್ದರೆ ಸರಿ. ಫೇಸ್ ಮತ್ತು ಅರ್ಥ್ ಮಧ್ಯೆಯೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ಮಧ್ಯೆ ಒಂದೆರಡು ವೋಲ್ಟ್ ಪರವಾಗಿಲ್ಲ, ಹತ್ತಾರು ವೋಲ್ಟ್ ಬಂದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಕೈಕಟ್ಟಿ ಕೂತುಕೊಳ್ಳಿ. ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಡಿದುಹೋದರೆ, ಒಂದು ಸಾಲಿನ ಬಲ್ಬ್ ಮಂಕಾಗಿ ಇನ್ನೊಂದು ಸಾಲು ಝಗ್ ಅಂತ ಉರಿಯುತ್ತದಲ್ವಾ, ಆ ಝಗ್ ಅನ್ನುವ ಸಾಲಿನಲ್ಲಿ ವೋಲ್ಟೇಜ್ 400ರ ಹತ್ತಿರಕ್ಕೂ ಏರಬಹುದು. ಅದರಲ್ಲಿ ನಿಮ್ಮ ಸ್ಪೀಕರ್ ಇದ್ದರೆ ಹೊಗೆ ಗ್ಯಾರಂಟಿ. ಜನರೇಟರ್ ಆದರೆ ಅದು ಸ್ಟಾರ್ಟ್ ಆಗಿ, ಸದ್ದು ಒಂದೇ ಸಮ ಆದ ಮೇಲೆ ಅಳೆದು ನೋಡಿ ಜೋಡಿಸಿ. ಬೋರ್ಡಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಡಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇದ್ದರೆ ಇನ್ನೂ ಒಳ್ಳೆಯದು.

ಡಬ್ಬದ ಮೇಲೆ 2000 ವ್ಯಾಟ್ ಅಂತ ದಪ್ಪಕ್ಷರ ನೋಡಿ ಹೆದರಬೇಡಿ. ಅದು ಸಾಮಾನ್ಯವಾಗಿ ಪೀಕ್, ಅಂದರೆ ಒಂದು ಗಳಿಗೆಯ ಮಾತು. ಸಂಗೀತದ ಸರಾಸರಿ ಅದಕ್ಕಿಂತ ತುಂಬಾ ಕಮ್ಮಿ. ಹಿಂದಿನ ತಗಡಿನಲ್ಲಿ ಬರೆದ ಆಂಪ್ಸ್ ನೋಡಿ ಲೆಕ್ಕ ಹಾಕಿ. ಎಕ್ಸ್‌ಟೆನ್ಶನ್‌ಗೆ ಮೂರು ಕೋರ್‌ನ 2.5 ಚದರ ಮಿಲಿಮೀಟರ್ ತಂತಿ ಇರಲಿ. ರೀಲ್ ಇದ್ದರೆ ಪೂರ್ತಿ ಬಿಚ್ಚಿ. ಸುತ್ತಿದ ಸುರುಳಿಯಲ್ಲಿ ಬಿಸಿ ಹೊರಗೆ ಹೋಗದೆ ಪ್ಲಾಸ್ಟಿಕ್ಕೇ ಕರಗುತ್ತದೆ. ಅರ್ಧ ಗಂಟೆ ಆದ ಮೇಲೆ ಪ್ಲಗ್‌ನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಕಾಂಟ್ಯಾಕ್ಟ್ ಸಡಿಲ ಇರಬಹುದು.

ಸ್ಪೀಕರ್ ಹಿಂದೆ ನೀಲಿ ಬಣ್ಣದ ಪವರ್‌ಕಾನ್ (ತಿರುಗಿಸಿ ಲಾಕ್ ಮಾಡುವ ಕರೆಂಟ್ ಕನೆಕ್ಟರ್) ಇದ್ದರೆ ಅದು ಕರೆಂಟ್ ಒಳಗೆ ಬರುವ ದಾರಿ. ಬೂದು ಬಣ್ಣದ್ದು ಪಕ್ಕದ ಸ್ಪೀಕರ್‌ಗೆ ಹೋಗುವ ದಾರಿ. ಇವನ್ನು ಲೋಡ್ ಇರುವಾಗ ಕೀಳುವ ಹಾಗಿಲ್ಲ, ಮೊದಲು ಬೋರ್ಡ್ ಆಫ್ ಮಾಡಿ. ಟ್ರೂ1 ಅನ್ನುವ ಹೊಸ ಬಗೆಯದ್ದನ್ನು ಲೋಡ್ ಇರುವಾಗಲೂ ಕೀಳಬಹುದು. ಒಂದರಿಂದ ಒಂದಕ್ಕೆ ಎಷ್ಟು ಸ್ಪೀಕರ್ ಜೋಡಿಸಬಹುದು ಅಂತ ಮ್ಯಾನುಯಲ್‌ನಲ್ಲಿರುತ್ತದೆ. ಜಾಗ ಇದೆ ಅಂತ ಸರಮಾಲೆ ಕಟ್ಟಬೇಡಿ.

ಆನ್ ಮಾಡುವಾಗ ಮಿಕ್ಸರ್ ಮೊದಲು, ಸ್ಪೀಕರ್ ಕೊನೆಗೆ, ಅದೂ ಒಂದೊಂದಾಗಿ. ಆಫ್ ಮಾಡುವಾಗ ಸ್ಪೀಕರ್ ಮೊದಲು. ಉಲ್ಟಾ ಮಾಡಿದರೆ ಮಿಕ್ಸರ್‌ನ 'ಧಬ್' ನೇರ ಕೋನ್‌ಗೆ ಹೊಡೆಯುತ್ತದೆ. ಜನರೇಟರ್ ನಿಲ್ಲಿಸುವವರಿಗೂ ಇದನ್ನು ಮೊದಲೇ ಹೇಳಿಡಿ. ಅವರಿಗೆ ಮನೆಗೆ ಹೋಗುವ ಅವಸರ ಇರುತ್ತದೆ.

ಸ್ಪೀಕರ್ ಹಿಂದೆ ಮೈಕ್/ಲೈನ್ ಸ್ವಿಚ್ ಇರುತ್ತದೆ. ಮಿಕ್ಸರ್‌ನಿಂದ ಬರುವುದು ಲೈನ್. ಅದನ್ನು ಮೈಕ್‌ನಲ್ಲಿಟ್ಟರೆ ಸುಮಾರು 30–40 ಡೆಸಿಬಲ್ ಸುಮ್ಮನೆ ಏರಿಬಿಡುತ್ತದೆ, ಆಮೇಲೆ ಬರೀ ಗರಗರ. ಸ್ಪೀಕರ್ ನಾಬ್ ಮಧ್ಯದ ಗುರುತಿನಲ್ಲಿರಲಿ, ಲೆವೆಲ್ ಮಿಕ್ಸರ್‌ನಲ್ಲಿ ಹೊಂದಿಸಿ. ಲಿಮಿಟ್ ದೀಪ ಡ್ರಮ್ ಏಟಿಗೆ ಮಿಣಕ್ ಅಂದರೆ ಚಿಂತೆ ಇಲ್ಲ. ಕೆಂಪಾಗಿ ನಿಂತೇ ಬಿಟ್ಟರೆ ಇಳಿಸಿ. ಮಿಕ್ಸರ್‌ನಲ್ಲೇ ಕ್ಲಿಪ್ ಆಗುತ್ತಿದ್ದರೆ, ಅಂದರೆ ಲೆವೆಲ್ ಮಿತಿ ಮೀರಿ ಅಲೆಯ ತಲೆ ಕತ್ತರಿಸಿಹೋಗುತ್ತಿದ್ದರೆ, ಸ್ಪೀಕರ್‌ನ ಲಿಮಿಟರ್ ಅದನ್ನು ಸರಿ ಮಾಡಲಾರದು, ತಲೆ ಕತ್ತರಿಸಿದ ಅಲೆ ಹೋಗಿ ಹೋಗಿ ಮೊದಲು ಟ್ವೀಟರ್ (ಕೀಚಲು ಸ್ವರದ ಸಣ್ಣ ಸ್ಪೀಕರ್) ಸುಡುತ್ತದೆ. ಬರೀ 3 ಡೆಸಿಬಲ್ ಏರಿಸಬೇಕಾದರೂ ಆಂಪ್ ಎರಡು ಪಟ್ಟು ಶಕ್ತಿ ಕೊಡಬೇಕು. ಅದರ ಬದಲು ಸ್ಪೀಕರ್ ಜನರ ಹತ್ತಿರ ಸರಿಸಿ. ಬಯಲಲ್ಲಿ ದೂರ ಅರ್ಧ ಆದರೆ 6 ಡೆಸಿಬಲ್ ಪುಕ್ಕಟೆ. ತೀರಾ ಹತ್ತಿರವೂ ಬೇಡ, ಕಿವಿಗಳಿವೆ. 85 ಡೆಸಿಬಲ್‌ಗೆ ಎಂಟು ಗಂಟೆ ಅಂತ ಮಿತಿ ಇಟ್ಟಿದ್ದಾರೆ, ಪ್ರತಿ 3 ಡೆಸಿಬಲ್‌ಗೂ ಆ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ.

ಹಿಂದಿನ ಹೀಟ್‌ಸಿಂಕ್‌ಗೆ ಗಾಳಿ ಬೇಕು, ಗೋಡೆಯಿಂದ ಒಂದು ಗೇಣಾದರೂ ದೂರ ಇಡಿ, ಪರದೆ ಹೊದಿಸಬೇಡಿ. ಮಳೆ ಹನಿದರೆ ಟಾರ್ಪಾಲು ಹುಡುಕುವ ಮೊದಲು ಬೋರ್ಡ್ ಆಫ್. ಸ್ಟ್ಯಾಂಡ್‌ನ ಕಾಲು ಪೂರ್ತಿ ಅಗಲಿಸಿ, ಪಿನ್ ತೂರಿಸಿ, ಕೇಬಲ್ ಕಂಬಕ್ಕೆ ಕಟ್ಟಿ ನೆಲಕ್ಕೆ ಟೇಪ್ ಹಾಕಿ. ಹಿಡಿಕೆಗೆ ಹಗ್ಗ ಕಟ್ಟಿ ಮೇಲೆ ತೂಗು ಹಾಕುವವರನ್ನೂ ಕಂಡಿದ್ದೇನೆ. ಹಿಡಿಕೆ ಇರುವುದು ಎತ್ತುವುದಕ್ಕೆ. ತೂಗು ಹಾಕಲು ಬೇರೆ ಬೋಲ್ಟ್ ತೂತುಗಳಿರುತ್ತವೆ, ಆ ಕೆಲಸ ಗೊತ್ತಿದ್ದವರಿಗೇ ಬಿಡಿ.

ಫ್ಯೂಸ್ ಹೋದರೆ ಪ್ಲಗ್ ಕಿತ್ತು, ಅದೇ ರೇಟಿಂಗ್‌ನ, ಅದೇ ಬಗೆಯದನ್ನು ಹಾಕಿ. ಅದೂ ಹೋದರೆ ಇನ್ನೊಂದು ಹಾಕಬೇಡಿ, ದಪ್ಪನೆಯದಂತೂ ಬೇಡವೇ ಬೇಡ. ಸ್ಕ್ರೂ ಬಿಚ್ಚಿ ಇಣುಕುವ ಆಸೆಯೂ ಬೇಡ. 230 ವೋಲ್ಟ್ ಒಳಗೆ ಹೋಗಿ ಡಿಸಿ ಆದಾಗ 325ರ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಕೂತಿರುತ್ತದೆ. ಡಬ್ಬ ಹಾಗೇ ರಿಪೇರಿಯವರ ಟೇಬಲ್ ಮೇಲಿಡಿ.